ದಿನಸಿ ಅಂಗಡಿಯಲ್ಲಿ ಕಾರ್ಡ್ ಉಜ್ಜಿದರೂ ದಿನಸಿ ಅಂತ ಲೆಕ್ಕಕ್ಕೆ ಬರುತ್ತಿಲ್ಲ, ಯಾಕೆ?

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನನ್ನ ಕ್ರೆಡಿಟ್ ಕಾರ್ಡಿನಲ್ಲಿ ದಿನಸಿ ಖರೀದಿಗೆ 5% ಕ್ಯಾಶ್‌ಬ್ಯಾಕ್ ಇದೆ. ನಾವು ತಿಂಗಳ ಸಾಮಾನು ತರುವುದು ಇಲ್ಲೇ ಪೇಟೆಯ ಒಂದು ಹಳೇ ಅಂಗಡಿಯಲ್ಲಿ. ಅಕ್ಕಿ, ಬೇಳೆ, ಎಣ್ಣೆ, ತೋಟದ ಕೆಲಸದವರ ಚಹಾಕ್ಕೆ ಬೇಕಾದ ಸಕ್ಕರೆ, ಚಹಾಪುಡಿ, ಎಲ್ಲ ಅಲ್ಲೇ. ಅಲ್ಲಿ ಕಾರ್ಡ್ ಉಜ್ಜಿದ್ದಕ್ಕೆ ಒಂದು ರೂಪಾಯಿ ಕ್ಯಾಶ್‌ಬ್ಯಾಕ್ ಬಂದಿಲ್ಲ. ಶಿವಮೊಗ್ಗಕ್ಕೆ ಹೋದಾಗ ಸೂಪರ್ ಮಾರ್ಕೆಟ್‌ನಲ್ಲಿ ಅದೇ ಅಕ್ಕಿ, ಅದೇ ಎಣ್ಣೆ ತಂದರೆ ಸರಿಯಾಗಿ ಬರುತ್ತದೆ. ಬ್ಯಾಂಕಿಗೆ ಫೋನ್ ಮಾಡಿ ಕೇಳಿದೆ. "ಆ ಅಂಗಡಿಯ ಮರ್ಚೆಂಟ್ ಕೆಟಗರಿ ಕೋಡ್ ಬೇರೆ ಇದೆ ಸರ್, ನಮ್ಮ ಕಡೆಯಿಂದ ಏನೂ ಮಾಡಲು ಆಗುವುದಿಲ್ಲ" ಅಂದರು. ಸ್ಟೇಟ್‌ಮೆಂಟ್ ಪೂರ್ತಿ ಹುಡುಕಿದೆ, ಅಂತಹ ಕೋಡ್ ಎಲ್ಲೂ ಕಾಣಲಿಲ್ಲ. ತಾರೀಕು, ಅಂಗಡಿ ಹೆಸರು, ಊರು, ಮೊತ್ತ, ಇಷ್ಟೇ ಇರುವುದು. ಈ ಕೋಡ್ ಎಂತದ್ದು, ಯಾರು ಕೊಡುತ್ತಾರೆ, ನಾವು ಅದನ್ನು ನೋಡುವುದು ಹೇಗೆ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಮಷಿನ್ ಶಿವಮೊಗ್ಗ

ನಾನು ಕೆಲವು ವರ್ಷ ಅಂಗಡಿಗಳಿಗೆ ಸ್ವೈಪ್ ಮಷಿನ್ ಹಾಕಿಸುವ ಕೆಲಸದಲ್ಲಿದ್ದೆ. ಭದ್ರಾವತಿ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಎಲ್ಲ ತಿರುಗಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈ ಕೋಡ್ ನಾಲ್ಕು ಅಂಕಿಯದ್ದು. ಐಎಸ್‌ಒ 18245 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ, ಅದರ ಪ್ರಕಾರ ಪ್ರತಿಯೊಂದು ವ್ಯಾಪಾರಕ್ಕೂ ಒಂದು ಸಂಖ್ಯೆ. ದಿನಸಿ ಮತ್ತು ಸೂಪರ್ ಮಾರ್ಕೆಟ್ 5411, ಊಟದ ಹೋಟೆಲ್ 5812, ಫಾಸ್ಟ್ ಫುಡ್ 5814, ಬೇಕರಿ 5462, ಔಷಧಿ ಅಂಗಡಿ 5912, ಚಿನ್ನದಂಗಡಿ 5944, ಹಾರ್ಡ್‌ವೇರ್ 5251. ವೀಸಾ, ಮಾಸ್ಟರ್‌ಕಾರ್ಡ್, ರುಪೇ ಎಲ್ಲರೂ ಬಳಸುವುದು ಹೆಚ್ಚು ಕಡಿಮೆ ಇದೇ ಪಟ್ಟಿಯನ್ನು.

ಈಗ ಮುಖ್ಯ ವಿಷಯ. ಈ ಕೋಡ್ ಕೊಡುವುದು ನಿಮ್ಮ ಕಾರ್ಡಿನ ಬ್ಯಾಂಕ್ ಅಲ್ಲ. ಅಂಗಡಿಯವರಿಗೆ ಮಷಿನ್ ಕೊಟ್ಟ ಬ್ಯಾಂಕ್ ಅಥವಾ ಪೇಮೆಂಟ್ ಕಂಪನಿ ಕೊಡುತ್ತದೆ. ಅರ್ಜಿ ತುಂಬುವಾಗ ಅಂಗಡಿಯ ಲೈಸೆನ್ಸ್, ಜಿಎಸ್‌ಟಿ ನೋಂದಣಿ, ಬೋರ್ಡಿನ ಫೋಟೋ ತೆಗೆದುಕೊಂಡು ಹೋಗಿ, ಪಟ್ಟಿಯಲ್ಲಿ ಹತ್ತಿರದ್ದು ಅನಿಸಿದ ವರ್ಗ ಆರಿಸುತ್ತಾರೆ. ಮಲೆನಾಡಿನ ಪೇಟೆಗಳಲ್ಲಿ ತೊಂದರೆ ಶುರುವಾಗುವುದೇ ಇಲ್ಲಿ. ನಮ್ಮ ಅಂಗಡಿಗಳ ಬೋರ್ಡಿನಲ್ಲಿ "ಟ್ರೇಡರ್ಸ್", "ಜನರಲ್ ಸ್ಟೋರ್ಸ್" ಅಂತ ಇರುತ್ತದೆ. ಒಳಗೆ ಮುಕ್ಕಾಲು ಭಾಗ ದಿನಸಿ, ಉಳಿದ ಜಾಗದಲ್ಲಿ ಹಗ್ಗ, ಬಕೆಟ್, ಟಾರ್ಪಾಲು, ಮಳೆಗಾಲದ ಪ್ಲಾಸ್ಟಿಕ್ ಕೊಪ್ಪೆ. ಬೋರ್ಡ್ ಮಾತ್ರ ನೋಡಿದವರು 5399 ಅಂದರೆ ಇತರೆ ಸಾಮಾನ್ಯ ಸರಕು, ಅಥವಾ 5999 ಅಂದರೆ ಇತರೆ ಚಿಲ್ಲರೆ ಅಂಗಡಿ ಅಂತ ಹಾಕಿ ಹೋಗುತ್ತಾರೆ. ನಿಮ್ಮ ಅಂಗಡಿಯಲ್ಲೂ ಹಾಗೇ ಆಗಿರಬಹುದು ಅಂತ ನನ್ನ ಊಹೆ.

ಇನ್ನೊಂದು. ನೀವು ಕಾರ್ಡ್ ಉಜ್ಜಿದಾಗ ಮಷಿನ್‌ನಿಂದ ನಿಮ್ಮ ಬ್ಯಾಂಕಿಗೆ ಹೋಗುವುದು ಮೊತ್ತ, ಅಂಗಡಿ ಹೆಸರು, ಊರು, ಈ ಕೋಡ್, ಇಂತಹ ವಿವರಗಳು. ನೀವು ತೆಗೆದುಕೊಂಡದ್ದು ಸೋನಾಮಸೂರಿ ಅಕ್ಕಿಯೋ ಹಗ್ಗವೋ ಅನ್ನುವುದು ಹೋಗುವುದಿಲ್ಲ. ಶಿವಮೊಗ್ಗ ಎಪಿಎಂಸಿಯಲ್ಲಿ ಅಡಿಕೆ ನೋಡಿ ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಅಂತ ವಿಂಗಡಿಸುತ್ತಾರಲ್ಲ, ಇಲ್ಲಿ ಹಾಗಲ್ಲ. ಚೀಲ ಬಿಚ್ಚಿ ಯಾರೂ ನೋಡುವುದಿಲ್ಲ, ಮೇಲೆ ಅಂಟಿಸಿದ ಚೀಟಿಯೇ ಲೆಕ್ಕ. ಸೂಪರ್ ಮಾರ್ಕೆಟ್‌ನಲ್ಲಿ ನೀವು ಚಪ್ಪಲಿ ಕೊಂಡರೂ ಅದು ದಿನಸಿಯೇ.

ಸಾಗರದಕ್ಕ

ತುಂಬ ಚೆನ್ನಾಗಿ ಹೇಳಿದ್ದೀರಿ ಸರ್. ಹಾಗಾದರೆ ಆಸ್ಪತ್ರೆಯ ವಿಷಯ ಹೇಳಿ. ನಮ್ಮ ಮಾವನವರಿಗೆ ಪ್ರತಿ ತಿಂಗಳು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲೇ ಕೆಳಗಿನ ಮೆಡಿಕಲ್‌ನಲ್ಲಿ ಔಷಧಿ ತರುತ್ತೇವೆ. ನನ್ನ ಕಾರ್ಡಿನಲ್ಲಿ ಔಷಧಿ ಅಂಗಡಿಗೆ ಜಾಸ್ತಿ ಪಾಯಿಂಟ್ ಇದೆ. ಸಾಗರದ ಮೆಡಿಕಲ್‌ನಲ್ಲಿ ಬರುತ್ತದೆ, ಆಸ್ಪತ್ರೆಯ ಕೆಳಗೆ ಬರುವುದಿಲ್ಲ. ಎರಡೂ ಕಡೆ ಅದೇ ಬಿಪಿ ಮಾತ್ರೆ!

ಮಷಿನ್ ಶಿವಮೊಗ್ಗ

ಅಕ್ಕ, ಆಸ್ಪತ್ರೆಯ ಕೋಡ್ 8062, ಔಷಧಿ ಅಂಗಡಿಯದ್ದು 5912. ಆಸ್ಪತ್ರೆಯೊಳಗಿನ ಮೆಡಿಕಲ್ ಆಸ್ಪತ್ರೆಯ ಖಾತೆಯ ಮಷಿನ್ನನ್ನೇ ಇಟ್ಟುಕೊಂಡಿದ್ದರೆ 8062 ಅಂತಲೇ ಹೋಗುತ್ತದೆ. ಬೇರೆಯವರು ಗುತ್ತಿಗೆಗೆ ಹಿಡಿದು ಅವರದೇ ಮಷಿನ್ ಇಟ್ಟಿದ್ದರೆ 5912 ಇರಬಹುದು. ಬಿಲ್ಲಿನ ಜೊತೆ ಬರುವ ಮಷಿನ್ ಚೀಟಿ ನೋಡಿ. ಅದರ ಮೇಲೆ ಆಸ್ಪತ್ರೆಯ ಹೆಸರಿದೆಯೋ, ಮೆಡಿಕಲ್ ಹೆಸರಿದೆಯೋ, ಅದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಲಾಡ್ಜ್‌ಗಳಲ್ಲೂ ಇದೇ ಕತೆ. ಮೇಲೆ ರೂಮು, ಕೆಳಗೆ ಊಟ, ಮಷಿನ್ ಒಂದೇ. ನೀವು ಬರೀ ಮಸಾಲೆ ದೋಸೆ ತಿಂದರೂ 7011, ಅಂದರೆ ವಸತಿ ಅಂತ ಹೋಗುತ್ತದೆ. ಆಗುಂಬೆ, ಜೋಗ ಕಡೆಯ ಹೋಂಸ್ಟೇಗಳಲ್ಲಿ ಇನ್ನೂ ವಿಚಿತ್ರ. ಕೆಲವರು ಮನೆಯವರ ಬೇರೆ ವ್ಯಾಪಾರದ ಮಷಿನ್ನನ್ನೇ ತಂದು ಉಜ್ಜುತ್ತಾರೆ. ಸ್ಟೇಟ್‌ಮೆಂಟಿನಲ್ಲಿ ಯಾವುದೋ ಎಲೆಕ್ಟ್ರಿಕಲ್ಸ್ ಹೆಸರು ಬಂದರೆ ಗಾಬರಿಯಾಗುವುದು ಸಹಜ.

ಕೊಪ್ಪದ ಕಾಫಿ

ಗಾಬರಿ ಅಂದಿರಲ್ಲ, ಅದನ್ನೇ ಕೇಳಬೇಕು ಅಂತಿದ್ದೆ. ನಮ್ಮ ಮನೆಯವರ ಸ್ಟೇಟ್‌ಮೆಂಟಿನಲ್ಲಿ ಒಂದು ಹೆಸರು ಬಂದಿದೆ. ಶುರುವಿಗೆ ಪೇಮೆಂಟ್ ಗೇಟ್‌ವೇಯ ಹೆಸರು, ಆಮೇಲೆ ಅರ್ಧಕ್ಕೆ ತುಂಡಾದ ಏನೋ ಒಂದು ಪದ, ಊರು ಬೆಂಗಳೂರು ಅಂತ ಇದೆ. ನಾವು ಆ ವಾರ ಬೆಂಗಳೂರಿಗೆ ಹೋಗಿಯೇ ಇಲ್ಲ. ಮೋಸ ಆಗಿದೆಯಾ ಹೇಗೆ?

ಮಷಿನ್ ಶಿವಮೊಗ್ಗ

ಮೊದಲು ಆ ತಾರೀಕಿನ ಆಸುಪಾಸು ಆನ್‌ಲೈನ್‌ನಲ್ಲಿ ಏನು ತರಿಸಿದಿರಿ ಅಂತ ನೋಡಿ. ಆನ್‌ಲೈನ್ ವ್ಯಾಪಾರಿಗಳು ಹೆಚ್ಚಿನವರು ರೇಜರ್‌ಪೇ, ಪೇಯು ಇಂತಹ ಗೇಟ್‌ವೇಗಳ ಮೂಲಕ ಹಣ ತೆಗೆದುಕೊಳ್ಳುತ್ತಾರೆ. ಹೆಸರಿನ ಜಾಗದಲ್ಲಿ ಇರುವುದು ಕೆಲವೇ ಅಕ್ಷರ. ಗೇಟ್‌ವೇ ಹೆಸರೇ ಅರ್ಧ ತಿಂದುಬಿಡುತ್ತದೆ, ಉಳಿದದ್ದರಲ್ಲಿ ಅಂಗಡಿ ಹೆಸರು ತುಂಡಾಗುತ್ತದೆ. ಊರು ಕೂಡ ಕಂಪನಿ ನೋಂದಣಿಯಾದ ಊರು, ನೀವು ಕೂತು ಆರ್ಡರ್ ಮಾಡಿದ ಊರಲ್ಲ. ಬೋರ್ಡಿನ ಮೇಲಿನ ಹೆಸರು ಒಂದು, ಕಾಗದಪತ್ರದ ಹೆಸರು ಇನ್ನೊಂದು ಇರುವುದೂ ಮಾಮೂಲಿ.

ಇಲ್ಲಿ ಕೋಡ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ ನೋಡಿ. ಬ್ಯಾಂಕಿಗೆ ಫೋನ್ ಮಾಡಿ "ಈ ವ್ಯವಹಾರದ ಮರ್ಚೆಂಟ್ ಕೆಟಗರಿ ಕೋಡ್ ಎಷ್ಟು" ಅಂತ ಕೇಳಿ. 5661 ಅಂದರೆ ಚಪ್ಪಲಿ ಅಂಗಡಿ, 5732 ಅಂದರೆ ಎಲೆಕ್ಟ್ರಾನಿಕ್ಸ್, 4814 ಅಂದರೆ ಫೋನ್ ರೀಚಾರ್ಜ್ ತರಹದ್ದು. ಇಷ್ಟು ಗೊತ್ತಾದರೆ ಹೆಚ್ಚಿನ ಸಲ ನೆನಪಾಗುತ್ತದೆ. 7995 ಅಂದರೆ ಮಾತ್ರ ಅದು ಜೂಜು, ಬೆಟ್ಟಿಂಗ್. ಮನೆಯಲ್ಲಿ ಯಾರೂ ಆಡುವವರಿಲ್ಲ ಅಂತಾದರೆ ತಡ ಮಾಡಬೇಡಿ.

ಯಾವುದೂ ನೆನಪಾಗದಿದ್ದರೆ ಅದೇ ದಿನ ಕಾರ್ಡ್ ಬ್ಲಾಕ್ ಮಾಡಿಸಿ, ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ, ಹೊರಗಿನವರು ಯಾರೋ ಮಾಡಿದ ಮೋಸವಾಗಿದ್ದು, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ನೀವು ತಿಳಿಸಿದರೆ, ನಷ್ಟ ನಿಮ್ಮ ತಲೆಗೆ ಬರುವುದಿಲ್ಲ. ಆದರೆ ಒಟಿಪಿ ನೀವೇ ಯಾರಿಗಾದರೂ ಹೇಳಿದ್ದರೆ ವಿಷಯ ಬೇರೆ.

ಕೊಪ್ಪದ ಕಾಫಿ

ಸಿಕ್ಕಿತು! ಮಗಳು ತರಿಸಿದ ಪುಸ್ತಕಗಳು. ಕೋಡ್ ಕೇಳಿದೆ, 5942 ಅಂದರು, ಪುಸ್ತಕದಂಗಡಿ ಅಂತೆ. ತುಂಬ ಉಪಕಾರ ಆಯಿತು ಸರ್.

ಭದ್ರಾವತಿ ಹುಡುಗ

ಪೆಟ್ರೋಲ್ ಬಗ್ಗೆಯೂ ಒಂದು ಮಾತು ಸೇರಿಸಿ ಅಣ್ಣ. ಸರ್ಚಾರ್ಜ್ ಅಂದರೆ ಹೆಚ್ಚುವರಿ ಶುಲ್ಕ ಮನ್ನಾ ಅಂತ ಹೇಳುತ್ತಾರೆ, ಆದರೂ ಸ್ಟೇಟ್‌ಮೆಂಟಿನಲ್ಲಿ ಮೂರು ರೂಪಾಯಿ ಚಿಲ್ಲರೆ ಹೆಚ್ಚಿಗೆ ಬರುತ್ತಲೇ ಇರುತ್ತದೆ.

ಮಷಿನ್ ಶಿವಮೊಗ್ಗ

ಬಂಕಿನ ಕೋಡ್ 5541 ಅಥವಾ 5542. ಈ ಕೋಡ್ ಕಂಡರೆ ಸಾಮಾನ್ಯವಾಗಿ 1% ಸರ್ಚಾರ್ಜ್ ಬೀಳುತ್ತದೆ. 2000 ರೂಪಾಯಿ ಹಾಕಿಸಿದರೆ ಸರ್ಚಾರ್ಜ್ 20, ಅದರ ಮೇಲೆ 18% ಜಿಎಸ್‌ಟಿ ಅಂದರೆ 3 ರೂಪಾಯಿ 60 ಪೈಸೆ. ಮನ್ನಾ ಆಗುವುದು ಆ 20 ಮಾತ್ರ. ಹೆಚ್ಚಿನ ಬ್ಯಾಂಕುಗಳು ಜಿಎಸ್‌ಟಿ ವಾಪಸ್ ಕೊಡುವುದಿಲ್ಲ. ಮನ್ನಾಕ್ಕೂ ಮಿತಿ ಇರುತ್ತದೆ. ಎಷ್ಟೋ ಕಾರ್ಡುಗಳಲ್ಲಿ 400 ರೂಪಾಯಿಗಿಂತ ಕಡಿಮೆ ಹಾಕಿಸಿದರೆ ಮನ್ನಾ ಇಲ್ಲ, 4000 ಅಥವಾ 5000 ದಾಟಿದರೂ ಇಲ್ಲ. ಬೈಕಿಗೆ ದಿನಾ 200 ರೂಪಾಯಿ ಹಾಕಿಸುವವರು ಕಾರ್ಡ್ ಬಳಸದಿರುವುದೇ ಒಳ್ಳೆಯದು, ಅಥವಾ ಒಂದೇ ಸಲ ಫುಲ್ ಟ್ಯಾಂಕ್ ಮಾಡಿಸಿ.

ದುರ್ಗಿಗುಡಿ ಅಂಗಡಿ

ನಾನು ಶಿವಮೊಗ್ಗದಲ್ಲಿ ಅಂಗಡಿ ನಡೆಸುವವನು. ಅರ್ಧ ದಿನಸಿ, ಅರ್ಧ ಸ್ಟೇಷನರಿ. ಗಿರಾಕಿಗಳು ಬಂದು "ನಿಮ್ಮ ಅಂಗಡಿಯಲ್ಲಿ ಕ್ಯಾಶ್‌ಬ್ಯಾಕ್ ಬರಲ್ಲ, ಅದಕ್ಕೆ ಮಾಲ್‌ಗೆ ಹೋಗ್ತೀವಿ" ಅನ್ನುತ್ತಾರೆ. ಇಷ್ಟು ದಿನ ಇದರ ಕಾರಣ ಯಾರೂ ಬಿಡಿಸಿ ಹೇಳಿರಲಿಲ್ಲ. ಮಷಿನ್ ಕೊಡುವಾಗ ಬಾಡಿಗೆ ಎಷ್ಟು, ಕಮಿಷನ್ ಎಷ್ಟು ಅಂತ ಮಾತ್ರ ಹೇಳಿದ್ದರು. ಕೋಡ್ ಅಂತ ಒಂದಿದೆ ಅನ್ನುವುದೇ ತಿಳಿಸಲಿಲ್ಲ. ಬದಲಾಯಿಸಬಹುದಾ?

ಮಷಿನ್ ಶಿವಮೊಗ್ಗ

ಖಂಡಿತ ಆಗುತ್ತದೆ ಸರ್. ನಿಮ್ಮಂತಹವರು ಕೇಳಿದ್ದು ಖುಷಿಯಾಯಿತು. ಗಿರಾಕಿ ಎಷ್ಟು ಬಡಕೊಂಡರೂ ಅವರ ಕಾರ್ಡಿನ ಬ್ಯಾಂಕ್ ಕೋಡ್ ತಿದ್ದಲು ಬರುವುದಿಲ್ಲ. ಅರ್ಜಿ ಅಂಗಡಿಯವರಿಂದಲೇ ಹೋಗಬೇಕು, ಅದೂ ಮಷಿನ್ ಕೊಟ್ಟವರಿಗೆ.

ಮೊದಲು ಈಗ ಇರುವ ಕೋಡ್ ಕೇಳಿ ತಿಳಿದುಕೊಳ್ಳಿ. ಆಮೇಲೆ ಇಮೇಲ್‌ನಲ್ಲೇ ಬರೆಯಿರಿ. ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ. ಮರ್ಚೆಂಟ್ ಐಡಿ, ಮಷಿನ್ನಿನ ಟರ್ಮಿನಲ್ ಐಡಿ ಎರಡನ್ನೂ ಹಾಕಿ. ಇವು ಚೀಟಿಯ ಮೇಲೆಯೇ ಅಚ್ಚಾಗಿರುತ್ತವೆ. ಜಿಎಸ್‌ಟಿ ಪ್ರಮಾಣಪತ್ರ, ಪಾಲಿಕೆಯ ಟ್ರೇಡ್ ಲೈಸೆನ್ಸ್, ಅಂಗಡಿಯ ಒಳಗೆ ಹೊರಗೆ ತೆಗೆದ ಫೋಟೋ ಜೊತೆಗಿಡಿ. ನಿಮ್ಮ ವ್ಯಾಪಾರದಲ್ಲಿ ಯಾವುದು ಜಾಸ್ತಿಯೋ ಆ ವರ್ಗ ಕೊಡುವುದು ರೂಢಿ. ಜಿಎಸ್‌ಟಿಯಲ್ಲಿ ನೀವು ಬರೆಸಿದ ವ್ಯಾಪಾರ ದಿನಸಿ ಅಂತ ಇಲ್ಲದಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಇಲ್ಲದಿದ್ದರೆ ಅರ್ಜಿ ವಾಪಸ್ ಬರುತ್ತದೆ. ಎರಡೂ ವ್ಯಾಪಾರ ಸಮಸಮ ಇದ್ದು ಗಲ್ಲಾಪೆಟ್ಟಿಗೆಯೂ ಬೇರೆ ಬೇರೆ ಇದ್ದರೆ, ಎರಡು ಮರ್ಚೆಂಟ್ ಐಡಿ ಕೇಳಬಹುದು, ಒಂದಕ್ಕೆ 5411, ಇನ್ನೊಂದಕ್ಕೆ ಸ್ಟೇಷನರಿಯ 5943.

ಕೋಡ್ ಬದಲಾದರೆ ನಿಮಗೆ ಬೀಳುವ ಕಮಿಷನ್ ಕೂಡ ಬದಲಾಗಬಹುದು, ಯಾಕೆಂದರೆ ದರದ ಲೆಕ್ಕ ವರ್ಗದ ಮೇಲೂ ನಿಂತಿರುತ್ತದೆ. ಸಹಿ ಹಾಕುವ ಮೊದಲು ಹೊಸ ದರ ಕೇಳಿಕೊಳ್ಳಿ.

ಭದ್ರಾವತಿ ಹುಡುಗ

ಹಾಗಾದರೆ ಮೊಬೈಲ್ ಅಂಗಡಿಯವರು ದಿನಸಿ ಅಂತ ಕೋಡ್ ಹಾಕಿಸಿಕೊಂಡರೆ ಗಿರಾಕಿಗಳಿಗೆ 5% ಬರುತ್ತದಲ್ವಾ? ವ್ಯಾಪಾರವೂ ಜಾಸ್ತಿ ಆಗುತ್ತದೆ. ನನ್ನ ಗೆಳೆಯ ಒಬ್ಬ ಹಾಗೇ ಮಾಡೋಣ ಅನ್ನುತ್ತಿದ್ದಾನೆ.

ಮಷಿನ್ ಶಿವಮೊಗ್ಗ

ಬೇಡ ತಮ್ಮ. ಸುಳ್ಳು ವರ್ಗ ಬರೆಸುವುದು ಮಷಿನ್ ಕೊಟ್ಟವರ ಜೊತೆಗಿನ ಒಪ್ಪಂದಕ್ಕೆ ವಿರುದ್ಧ. 80 ಸಾವಿರದ ಬಿಲ್ಲು ದಿನಸಿ ಅಂಗಡಿಯಿಂದ ಮೇಲಿಂದ ಮೇಲೆ ಬಂದರೆ ಅದು ಯಾರ ಕಣ್ಣಿಗಾದರೂ ಬಿದ್ದೇ ಬೀಳುತ್ತದೆ. ಹಣ ತಡೆಹಿಡಿಯಬಹುದು, ಮಷಿನ್ ಕಿತ್ತುಕೊಳ್ಳಬಹುದು. ಒಮ್ಮೆ ಹಾಗೆ ತೆಗೆದುಹಾಕಿದ ಅಂಗಡಿಗೆ ಬೇರೆ ಬ್ಯಾಂಕಿನ ಮಷಿನ್ ಸಿಗುವುದೂ ಕಷ್ಟ. ಗೆಳೆಯನಿಗೆ ದಯವಿಟ್ಟು ಹೇಳು.

ಇದರ ಜೊತೆಗೇ ಇನ್ನೊಂದು ಹೇಳಬೇಕು, ಯಾಕೆಂದರೆ ಅಡಿಕೆ ಕೊಯ್ಲಿಗೆ ಮುಂಚೆ ಕೈಯಲ್ಲಿ ದುಡ್ಡಿಲ್ಲದ ಕಾಲದಲ್ಲಿ ನಮ್ಮ ಕಡೆ ಇದು ಜಾಸ್ತಿ. "ಕಾರ್ಡ್ ಉಜ್ಜಿ, 2% ಹಿಡಿದುಕೊಂಡು ಕ್ಯಾಶ್ ಕೊಡ್ತೇವೆ" ಅನ್ನುವವರು ಇದ್ದಾರೆ. ಸ್ಟೇಟ್‌ಮೆಂಟಿನಲ್ಲಿ ಅದು ಖರೀದಿ ಅಂತ ಬರುತ್ತದೆ, ನಿಜ. ಆದರೆ ಸಾಮಾನು ಇಲ್ಲದೆ ಬಿಲ್ಲು ಮಾಡಿದ್ದು ಅದು, ಕಾರ್ಡಿನ ನಿಯಮದಲ್ಲಿ ನಿಷಿದ್ಧ. ಕೊನೆಯ ದಿನದೊಳಗೆ ಪೂರ್ತಿ ಕಟ್ಟಲಾಗದಿದ್ದರೆ ತಿಂಗಳಿಗೆ 3.5% ಹತ್ತಿರ ಬಡ್ಡಿ, ವರ್ಷಕ್ಕೆ 42% ಆಯಿತು. ಯಾವ ಮಂಡಿಯವರೂ ಅಷ್ಟು ಬಡ್ಡಿ ಹಾಕುವುದಿಲ್ಲ.

ಶರಾವತಿ ಹಿನ್ನೀರು

ಹಿರಿಯನಾಗಿ ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ 5%, ಈ ಪಾಯಿಂಟ್ ಎಲ್ಲ ನಮ್ಮಿಂದ ಜಾಸ್ತಿ ಖರ್ಚು ಮಾಡಿಸಲು ಇರುವುದು. ನಾಲ್ಕು ಅಂಕಿಯ ಕೋಡ್ ಬಾಯಿಪಾಠ ಮಾಡಿಕೊಂಡು ಅಂಗಡಿ ಹುಡುಕುತ್ತಾ ತಿರುಗುವ ಬದಲು ನಗದು ಕೊಟ್ಟು ಬೇಕಾದಷ್ಟೇ ತರುವುದು ಒಳ್ಳೆಯದಲ್ವಾ? ನಮ್ಮ ಊರಿನ ಅಂಗಡಿಯವ ಕಷ್ಟಕಾಲದಲ್ಲಿ ಸಾಲ ಬರೆದುಕೊಂಡು ಅಕ್ಕಿ ಕೊಟ್ಟವನು. ಪಾಯಿಂಟ್ ಸಿಗುವುದಿಲ್ಲ ಅಂತ ಅವನನ್ನು ಬಿಟ್ಟು ಶಿವಮೊಗ್ಗಕ್ಕೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ತುಂಗಾತೀರ (ತೀರ್ಥಹಳ್ಳಿ)

ನಿಮ್ಮ ಮಾತು ಒಪ್ಪುತ್ತೇನೆ ಸರ್. ನಾನು ಅಂಗಡಿ ಬಿಡುವ ಯೋಚನೆ ಮಾಡಿಲ್ಲ. ಅವರ ಕೋಡ್ ಸರಿಯಾದರೆ ಅವರಿಗೇ ನಾಲ್ಕು ಗಿರಾಕಿ ಹೆಚ್ಚುತ್ತಾರೆ ಅಂತಲೇ ಕೇಳುತ್ತಿರುವುದು.

ಮಷಿನ್ ಶಿವಮೊಗ್ಗ

ಹಿರಿಯರೇ, ಖರ್ಚಿನ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಕೋಡ್ ತಿಳಿದುಕೊಳ್ಳಿ ಅಂತ ನಾನು ಹೇಳುವುದು ಕ್ಯಾಶ್‌ಬ್ಯಾಕಿಗಿಂತ ಹೆಚ್ಚಾಗಿ, ಗೊತ್ತಿಲ್ಲದೆ ಕಿಸೆಯಿಂದ ಹೋಗುವ ಶುಲ್ಕಕ್ಕಾಗಿ. ಬರುವುದು ಹತ್ತಿಪ್ಪತ್ತು ರೂಪಾಯಿ, ಹೋಗುವುದು ಸಾವಿರದ ಲೆಕ್ಕ. 2024ರಿಂದ ಈಚೆಗೆ ಹಲವು ಬ್ಯಾಂಕುಗಳು ಕೆಲವು ವರ್ಗಗಳಿಗೆ 1% ಶುಲ್ಕ ಹಾಕಲು ಶುರು ಮಾಡಿವೆ.

ಕಾಲೇಜು ಫೀಸನ್ನೇ ನೋಡಿ. ಮಗನ ಫೀಸು 1,20,000 ಅಂತ ಇಟ್ಟುಕೊಳ್ಳೋಣ. ಕಾಲೇಜಿನ ಸ್ವಂತ ವೆಬ್‌ಸೈಟ್‌ನಲ್ಲೋ ಆಫೀಸಿನ ಮಷಿನ್‌ನಲ್ಲೋ ಕಟ್ಟಿದರೆ ಸಾಮಾನ್ಯವಾಗಿ ನಿಮ್ಮ ಕಾರ್ಡಿನ ಬ್ಯಾಂಕ್ ಈ ಶುಲ್ಕ ಹಾಕುವುದಿಲ್ಲ. ಅದನ್ನೇ ಮೂರನೆಯವರ ಪೇಮೆಂಟ್ ಆ್ಯಪ್ ಮೂಲಕ ಕಟ್ಟಿದರೆ, ಶುಲ್ಕ ಇರುವ ಕಾರ್ಡಾದರೆ 1,200 ರೂಪಾಯಿ, ಅದರ ಮೇಲೆ ಜಿಎಸ್‌ಟಿ 216, ಒಟ್ಟು 1,416 ಹೋಯಿತು. ಆ ಆ್ಯಪ್‌ನವರ ಸೇವಾಶುಲ್ಕ ಬೇರೆ. ಶಾಲೆಗೆ 8211, ಕಾಲೇಜು ಮತ್ತು ವಿಶ್ವವಿದ್ಯಾಲಯಕ್ಕೆ 8220, ಕೋಚಿಂಗ್ ತರಹದ್ದಕ್ಕೆ 8299. ಈ ಮೂರು ಕೋಡ್ ಕಂಡಲ್ಲಿ ಎಷ್ಟೋ ಕಾರ್ಡುಗಳು ಪಾಯಿಂಟ್ ಕೂಡ ಕೊಡುವುದಿಲ್ಲ.

ವ್ಯಾಲೆಟ್‌ಗೆ ದುಡ್ಡು ತುಂಬಿಸುವುದು 6540. ಇದಕ್ಕೂ ಶುಲ್ಕ ಇರುವ ಕಾರ್ಡುಗಳಿವೆ, ಪಾಯಿಂಟ್ ಅಂತೂ ಹೆಚ್ಚಿನದರಲ್ಲಿ ಇಲ್ಲ. ಮನೆ ಬಾಡಿಗೆ 6513, ಅದಕ್ಕೂ ಹಲವು ಕಾರ್ಡುಗಳಲ್ಲಿ ಶುಲ್ಕ ಇದೆ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ಹಣ ತೆಗೆದರೆ 6011. ಅದು ಎಲ್ಲಕ್ಕಿಂತ ಕೆಟ್ಟದ್ದು, ಶುಲ್ಕದ ಜೊತೆಗೆ ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ. ಖರೀದಿಗೆ ಸಿಗುವ 45, 50 ದಿನದ ಬಡ್ಡಿರಹಿತ ಅವಧಿ ಅದಕ್ಕಿಲ್ಲ. ಮೆಸ್ಕಾಂ ಬಿಲ್ಲು, ನೀರಿನ ಬಿಲ್ಲು ಎಲ್ಲ 4900. ಮನೆ ಮಟ್ಟದ ಬಿಲ್ಲಿಗೆ ಚಿಂತೆಯಿಲ್ಲ, ತಿಂಗಳಿಗೆ 50,000 ದಾಟಿದರೆ ಕೆಲವು ಬ್ಯಾಂಕುಗಳು ಶುಲ್ಕ ಹಾಕುತ್ತವೆ. ಅಕ್ಕಿ ಮಿಲ್ಲು, ಐಸ್ ಫ್ಯಾಕ್ಟರಿ ನಡೆಸುವವರು ತಮ್ಮ ಸ್ವಂತ ಕಾರ್ಡಿನಲ್ಲಿ ಕರೆಂಟ್ ಬಿಲ್ಲು ಕಟ್ಟುವುದಿದ್ದರೆ ನೋಡಿಕೊಳ್ಳಬೇಕು.

ವರ್ಷಕ್ಕೆ ಇಷ್ಟು ಖರ್ಚು ಮಾಡಿದರೆ ವಾರ್ಷಿಕ ಶುಲ್ಕ ಮಾಫಿ ಅಂತ ಇರುತ್ತದಲ್ಲ, ಅಲ್ಲೂ ಇದೇ. ಬಾಡಿಗೆ, ಪೆಟ್ರೋಲ್, ವ್ಯಾಲೆಟ್ ಇವನ್ನು ಎಷ್ಟೋ ಕಾರ್ಡುಗಳು ಆ ಮೊತ್ತಕ್ಕೆ ಸೇರಿಸುವುದಿಲ್ಲ. ಎರಡು ಲಕ್ಷ ಆಯಿತು ಅಂತ ನೀವು ನೆಮ್ಮದಿಯಾಗಿದ್ದರೆ ಬ್ಯಾಂಕಿನ ಲೆಕ್ಕದಲ್ಲಿ ಒಂದೂವರೆ ಇರುತ್ತದೆ. ಕಾರ್ಡಿನ ನಿಯಮಾವಳಿಯಲ್ಲಿ ಸಣ್ಣ ಅಕ್ಷರದಲ್ಲಿ ಈ ಕೋಡ್‌ಗಳ ಪಟ್ಟಿಯೇ ಇರುತ್ತದೆ. ಒಮ್ಮೆ ಕೂತು ಓದಿ.

ಸಾಗರದಕ್ಕ

ಫೀಸಿನ ವಿಷಯ ಹೇಳಿ ಒಳ್ಳೆಯದು ಮಾಡಿದಿರಿ. ಮೈದುನನ ಮಗಳ ಫೀಸು ಮುಂದಿನ ವಾರ ಕಟ್ಟಬೇಕು, ಆ್ಯಪ್‌ನಲ್ಲೇ ಕಟ್ಟುವವರಿದ್ದರು. ಈಗಲೇ ಹೇಳಿದೆ, ಕಾಲೇಜಿನ ಆಫೀಸಿಗೇ ಹೋಗುತ್ತಾರೆ.

ಅಡಿಕೆ ಚಪ್ಪರ (ಹೊಸನಗರ)

ಒಂದು ಸಣ್ಣ ಪ್ರಶ್ನೆ. ನನ್ನ ಹತ್ತಿರ ಇರುವುದು ಕಿಸಾನ್ ಕ್ರೆಡಿಟ್ ಕಾರ್ಡ್. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ, ಸ್ಪ್ರೇಯರ್ ಪೈಪು ಎಲ್ಲ ಅದರಲ್ಲೇ ತರುತ್ತೇನೆ. ಅದಕ್ಕೂ ಈ ಪಾಯಿಂಟ್ ಇದೆಯಾ?

ಮಷಿನ್ ಶಿವಮೊಗ್ಗ

ಅದು ಬೇರೆಯೇ ವಸ್ತು. ಹೆಸರಿನಲ್ಲಿ ಕ್ರೆಡಿಟ್ ಕಾರ್ಡ್ ಅಂತ ಇದ್ದರೂ ಅದು ನಿಮ್ಮ ಬೆಳೆ ಸಾಲದ ಖಾತೆ, ಕಾರ್ಡ್ ಆ ಖಾತೆಯಿಂದ ತೆಗೆಯುವ ದಾರಿ ಅಷ್ಟೇ. ಬೆಳೆ ಸಾಲಕ್ಕೆ 3 ಲಕ್ಷದವರೆಗೆ 7% ಬಡ್ಡಿ, ಹೊತ್ತಿಗೆ ಸರಿಯಾಗಿ ಕಟ್ಟಿದರೆ 3% ರಿಯಾಯಿತಿ ಸಿಕ್ಕಿ 4% ಬೀಳುತ್ತದೆ. ಆ ರಿಯಾಯಿತಿಯ ಮುಂದೆ ಯಾವ ಪಾಯಿಂಟೂ ಲೆಕ್ಕಕ್ಕಿಲ್ಲ, ಅದನ್ನು ತಪ್ಪಿಸಿಕೊಳ್ಳಬೇಡಿ. ಮಾಮೂಲಿ ಕ್ರೆಡಿಟ್ ಕಾರ್ಡಿನಲ್ಲಿ ಗೊಬ್ಬರ, ಔಷಧಿ ತರುವವರಿಗೆ ಹೇಳುವುದಾದರೆ, ಆ ಅಂಗಡಿಗಳ ಕೋಡ್ ಒಂದೇ ತರಹ ಇರುವುದಿಲ್ಲ. ಸಸಿ ಮತ್ತು ತೋಟದ ಸಾಮಾನಿನ 5261 ಇರಬಹುದು, ಹಾರ್ಡ್‌ವೇರ್ 5251 ಇರಬಹುದು, ಸಹಕಾರ ಸಂಘವಾದರೆ ಕೃಷಿ ಸಹಕಾರದ 0763 ಇರಬಹುದು.

ದುರ್ಗಿಗುಡಿ ಅಂಗಡಿ

ಕೋಡ್ ನೋಡಲು ಪ್ರತಿ ಸಲ ಬ್ಯಾಂಕಿಗೆ ಫೋನ್ ಮಾಡಬೇಕಾ? ನಮ್ಮಲ್ಲಿ ಈಗ ಮಷಿನ್‌ಗಿಂತ ಕ್ಯೂಆರ್‌ಗೇ ಜಾಸ್ತಿ ಜನ ಹಣ ಹಾಕುವುದು.

ಮಷಿನ್ ಶಿವಮೊಗ್ಗ

ಕ್ಯೂಆರ್ ಆದರೆ ಸುಲಭ. ಅಂಗಡಿಯ ಯುಪಿಐ ಕ್ಯೂಆರ್‌ನ ಫೋಟೋ ತೆಗೆದು, ಹಣ ಕಳಿಸುವ ಆ್ಯಪ್ ಬಿಟ್ಟು ಬರೀ ಕ್ಯೂಆರ್ ಓದುವ ಆ್ಯಪ್‌ನಲ್ಲಿ ತೆರೆಯಿರಿ. ಉದ್ದದ ಒಂದು ಸಾಲು ಅಕ್ಷರ ಬರುತ್ತದೆ. ಅದರಲ್ಲಿ ಇಂಗ್ಲಿಷಿನ ಎಂ ಮತ್ತು ಸಿ ಅಕ್ಷರ, ಪಕ್ಕದಲ್ಲಿ ಸಮ ಚಿಹ್ನೆ, ಆಮೇಲೆ ನಾಲ್ಕು ಅಂಕಿ ಇದ್ದರೆ ಅದೇ ಕೋಡ್. ಎಲ್ಲ ಕ್ಯೂಆರ್‌ನಲ್ಲೂ ಇರುವುದಿಲ್ಲ. 0000 ಅಂತ ಇದ್ದರೆ ಅದು ಅಂಗಡಿಯ ಖಾತೆಯಲ್ಲ, ವ್ಯಕ್ತಿಯ ಖಾತೆ.

ಇದು ಈಗ ಯಾಕೆ ಮುಖ್ಯ ಅಂದರೆ, 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಆದರೆ ವ್ಯಾಪಾರಿ ಕ್ಯೂಆರ್‌ಗೆ ಮಾತ್ರ ಹಣ ಹೋಗುತ್ತದೆ, ವ್ಯಕ್ತಿಯ ಖಾತೆಗೆ ಹೋಗುವುದಿಲ್ಲ. ಸಂತೆಯಲ್ಲಿ, ಬಸ್ ಸ್ಟ್ಯಾಂಡ್ ಹತ್ತಿರದ ಹಣ್ಣಿನ ಗಾಡಿಯಲ್ಲಿ ರುಪೇ ಕ್ರೆಡಿಟ್ ಕಾರ್ಡ್ ನಡೆಯುವುದಿಲ್ಲ ಅಂತ ಬರುವುದು ಇದೇ ಕಾರಣಕ್ಕೆ, ಅವರು ತಮ್ಮ ಸ್ವಂತ ಖಾತೆಯ ಕ್ಯೂಆರ್ ಅಂಟಿಸಿರುತ್ತಾರೆ. ಸಣ್ಣ ವ್ಯಾಪಾರಿಗಳಿಗೆ ರುಪೇ ಕ್ರೆಡಿಟ್ ಕಾರ್ಡಿನ ಯುಪಿಐ ಪಾವತಿಗೆ 2,000 ರೂಪಾಯಿವರೆಗೆ ಕಮಿಷನ್ ಇಲ್ಲ, ಹಾಗಾಗಿ ಅವರು ವ್ಯಾಪಾರಿ ಕ್ಯೂಆರ್ ಮಾಡಿಸಿಕೊಳ್ಳಲು ಹೆದರಬೇಕಾಗಿಲ್ಲ.

ಮಷಿನ್ ಆದರೆ ಮೊದಲೇ ನೋಡುವ ದಾರಿ ಕಡಿಮೆ. ದೊಡ್ಡ ಖರೀದಿಗೆ ಮುಂಚೆ ಅದೇ ಮಷಿನ್‌ನಲ್ಲಿ ಸಣ್ಣ ಮೊತ್ತ ಒಂದು ಉಜ್ಜಿ, ಎರಡು ಮೂರು ದಿನ ಬಿಟ್ಟು ಬ್ಯಾಂಕಿನವರನ್ನು ಕೋಡ್ ಕೇಳಿ. ಕೆಲವು ಬ್ಯಾಂಕುಗಳ ಆ್ಯಪ್‌ನಲ್ಲಿ ಖರ್ಚಿನ ವಿಂಗಡಣೆ ಅಂತ ಬಣ್ಣದ ಚಿತ್ರ ಬರುತ್ತದೆ. ಅದನ್ನು ಮಾತ್ರ ಪೂರ್ತಿ ನಂಬಬೇಡಿ. ಆ್ಯಪ್ ಮಾಡುವ ವಿಂಗಡಣೆಯೇ ಬೇರೆ, ಪಾಯಿಂಟ್ ಲೆಕ್ಕ ಹಾಕುವ ಕೋಡ್ ಬೇರೆ ಇರುವುದುಂಟು.

ಭದ್ರಾವತಿ ಹುಡುಗ

ಶಿವಮೊಗ್ಗದಿಂದ ವಿಮಾನ ಟಿಕೆಟ್ ತೆಗೆಯುವಾಗಲೂ ಇದೇನಾ ಅಣ್ಣ?

ಮಷಿನ್ ಶಿವಮೊಗ್ಗ

ಹೌದು. ವಿಮಾನ ಕಂಪನಿಯ ವೆಬ್‌ಸೈಟ್‌ನಲ್ಲೇ ತೆಗೆದರೆ 4511, ದೊಡ್ಡ ಕಂಪನಿಗಳಿಗೆ 3000ದ ಸಾಲಿನಲ್ಲಿ ಅವರದೇ ಕೋಡ್ ಇರುತ್ತದೆ. ಟ್ರಾವೆಲ್ ವೆಬ್‌ಸೈಟ್‌ನಲ್ಲಿ ತೆಗೆದರೆ 4722. ಕಾರ್ಡಿನಲ್ಲಿ "ವಿಮಾನ ಕಂಪನಿಯಲ್ಲಿ ನೇರ ಖರೀದಿ" ಅಂತ ಇದ್ದರೆ ಎರಡನೆಯದು ಲೆಕ್ಕಕ್ಕೆ ಬರುವುದಿಲ್ಲ. ರೈಲಿಗೆ 4112, ಬಸ್ಸಿಗೆ 4131.

ತುಂಗಾತೀರ (ತೀರ್ಥಹಳ್ಳಿ)

ಇವತ್ತು ಅಂಗಡಿಗೆ ಹೋಗಿ ಬಂದೆ. ಅವರ ಮಷಿನ್ 5999 ಅಂತೆ, ನನ್ನ ಬ್ಯಾಂಕಿನವರೇ ಹೇಳಿದರು, ನಿಮ್ಮ ಊಹೆ ಸರಿ. ಆದರೆ ಅಲ್ಲಿನ ಕ್ಯೂಆರ್ ಓದಿಸಿದರೆ 5411 ಅಂತ ತೋರಿಸುತ್ತದೆ. ಒಂದೇ ಅಂಗಡಿಗೆ ಎರಡು ಕೋಡ್ ಹೇಗೆ? ಅಂಗಡಿ ಸಾಹುಕಾರರಿಗೂ ಆಶ್ಚರ್ಯ. ಜಿಎಸ್‌ಟಿಯಲ್ಲಿ ದಿನಸಿ ಅಂತಲೇ ಬರೆಸಿದ್ದಾರೆ. ಅವರ ಮಗ ಅಲ್ಲೇ ಕೂತು ಮಷಿನ್ ಬ್ಯಾಂಕಿಗೆ ಇಮೇಲ್ ಕಳಿಸಿದ.

ಮಷಿನ್ ಶಿವಮೊಗ್ಗ

ಮಷಿನ್ ಕೊಟ್ಟವರು ಬೇರೆ, ಕ್ಯೂಆರ್ ಕೊಟ್ಟವರು ಬೇರೆ, ಅಲ್ವಾ? ಇಬ್ಬರೂ ಅವರವರ ಅರ್ಜಿ ನೋಡಿ ಅವರವರ ಕೋಡ್ ಹಾಕಿದ್ದಾರೆ. ಇದು ಬಹಳ ಕಡೆ ಇದೆ. ಇಮೇಲ್ ಹೋಗಿದ್ದು ಒಳ್ಳೆಯದಾಯಿತು. ವಾರದೊಳಗೆ ಉತ್ತರ ಬರದಿದ್ದರೆ ಮತ್ತೆ ನೆನಪಿಸಲು ಹೇಳಿ. 30 ದಿನವಾದರೂ ಏನೂ ಉತ್ತರ ಬರದಿದ್ದರೆ ಅಂಗಡಿಯವರು ಇಂತಹ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಒಂದು ತಿಳಿದಿರಲಿ, ಕೋಡ್ ತಿದ್ದಿದ ಮೇಲಿನ ಖರೀದಿಗೆ ಮಾತ್ರ ಹೊಸ ಲೆಕ್ಕ. ಹಿಂದಿನ ತಿಂಗಳ ಸ್ಟೇಟ್‌ಮೆಂಟಿಗೆ ಅದು ಅನ್ವಯಿಸುವುದಿಲ್ಲ.

ತುಂಗಾತೀರ (ತೀರ್ಥಹಳ್ಳಿ)

ಆಯಿತು ಸರ್. ನನ್ನ ಕಾರ್ಡ್ ರುಪೇಯದ್ದೇ, ಅಲ್ಲಿಯವರೆಗೆ ಅವರ ಕ್ಯೂಆರ್‌ಗೇ ಹಾಕಿದರೆ 5% ಬರುತ್ತದಾ?

ಮಷಿನ್ ಶಿವಮೊಗ್ಗ

ನಿಮ್ಮ ಕಾರ್ಡಿನ ನಿಯಮ ನೋಡಿ. ಯುಪಿಐ ಮೂಲಕ ಕೊಟ್ಟದ್ದಕ್ಕೆ ಬೇರೆ ದರ ಇಟ್ಟಿರುವ ಕಾರ್ಡುಗಳಿವೆ, ಕೆಲವು ಅದಕ್ಕೆ ಏನೂ ಕೊಡುವುದಿಲ್ಲ. ಈ ಸಲ ಎಣ್ಣೆಯೋ ಸಕ್ಕರೆಯೋ ಒಂದು ಸಣ್ಣ ಬಿಲ್ಲು ಅದರಲ್ಲಿ ಕೊಟ್ಟು ನೋಡಿ. ಸ್ಟೇಟ್‌ಮೆಂಟಿನಲ್ಲಿ ಸರಿಯಾಗಿ ಬಂದರೆ ಮುಂದಿನ ತಿಂಗಳ ಅಕ್ಕಿ ಮೂಟೆಯನ್ನು ಧೈರ್ಯವಾಗಿ ಹಾಕಿ. ಆಮೇಲೆ ಇಲ್ಲೂ ಬರೆಯಿರಿ, ದುರ್ಗಿಗುಡಿಯವರಿಗೂ ಅನುಕೂಲ ಆಗುತ್ತದೆ.